ಅಗ್ನಿವೀರನಾ, ನೇವಿನಾ, ಕಾನ್‌ಸ್ಟೆಬಲ್ಲಾ? ಫಾರ್ಮ್ ತುಂಬುವ ಮೊದಲು ಇಷ್ಟು ನೋಡಿ

ಹೋದ ತಿಂಗಳು ನನ್ನ ಅಕ್ಕನ ಮಗನನ್ನು ಮನೆಯ ಗೋಡೆಗೆ ನಿಲ್ಲಿಸಿ ಅಳೆದೆ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ತಲೆಯ ಮೇಲೆ ಒಂದು ನೋಟ್‌ಬುಕ್ಕು. ಪೆನ್ಸಿಲ್ ಗೆರೆ ಎಳೆದು ಟೇಪ್ ಹಿಡಿದರೆ 168 ಸೆಂಟಿಮೀಟರ್. ಎರಡು ವರ್ಷದಿಂದ "ಮಾಮಾ, ನಾನು ಬಿಎಸ್‌ಎಫ್‌ಗೇ ಹೋಗೋದು" ಅಂತ ಓದುತ್ತಿದ್ದ ಹುಡುಗ. ಬಿಎಸ್‌ಎಫ್, ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಆಗಲು ಗಂಡುಮಕ್ಕಳಿಗೆ 170 ಬೇಕು. ಪರಿಶಿಷ್ಟ ಪಂಗಡದವರಿಗೆ 162.5 ಸಾಕು, ಇನ್ನೂ ಕೆಲವು ವರ್ಗಗಳಿಗೆ ರಿಯಾಯಿತಿ ಇದೆ. ಇವನಿಗೆ ಅದ್ಯಾವುದೂ ಬರುವುದಿಲ್ಲ. ಆದರೆ ಸೇನೆಯ ಜನರಲ್ ಡ್ಯೂಟಿಗೆ (ಜಿಡಿ, ಸಾಮಾನ್ಯ ಸೈನಿಕನ ಕೆಲಸ) ಕರ್ನಾಟಕದ ಹುಡುಗರಿಗೆ 166 ಇದ್ದರೆ ಆಯಿತು. ಮೊದಲೇ ಅಳೆದುಕೋ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ನಾನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು. ಈಗ ಬೆಳಿಗ್ಗೆ ಊರಿನ ಹೈಸ್ಕೂಲ್ ಮೈದಾನದಲ್ಲಿ ಹುಡುಗರನ್ನು ಓಡಿಸುತ್ತೇನೆ. ಓಟ ಮುಗಿಸಿ ನೀರು ಕುಡಿಯುವಾಗ ಎಲ್ಲರದ್ದೂ ಒಂದೇ ಪ್ರಶ್ನೆ. ಆರ್ಮಿಗೆ ಹಾಕಲಾ, ನೇವಿಗಾ, ಏರ್‌ಫೋರ್ಸಿಗಾ, ಇಲ್ಲಾ ಎಸ್‌ಎಸ್‌ಸಿ ಜಿಡಿ (ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಿಗೆ ಸೇರುವ ಪರೀಕ್ಷೆ) ಬರೆದು ಕಾನ್‌ಸ್ಟೆಬಲ್ ಆಗಲಾ? ಒಬ್ಬೊಬ್ಬರಿಗೆ ಒಂದೊಂದು ಸರಿ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು: ಐದನೇ ವರ್ಷ ನಾನು ಎಲ್ಲಿರುತ್ತೇನೆ? 2022ರ ಜೂನ್‌ನಲ್ಲಿ ಅಗ್ನಿಪಥ ಬಂದ ಮೇಲೆ ಮೂರೂ ಪಡೆಗಳಿಗೆ ಹೊಸ ಹುಡುಗರು ಸೇರುವುದು ಬಹುಪಾಲು ಅಗ್ನಿವೀರರಾಗಿ, ನಾಲ್ಕು ವರ್ಷಕ್ಕೆ. ಅದರಲ್ಲಿ ಹೆಚ್ಚೆಂದರೆ 25% ಮಂದಿ ಕಾಯಂ ಆಗುತ್ತಾರೆ. ಆದವರು ಮುಂದೆ ಕನಿಷ್ಠ 15 ವರ್ಷ ಇರಬೇಕು. ಉಳಿದವರು ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಗುರುತೂ ಸಿಗುವುದಿಲ್ಲ. ನಾಲ್ಕು ಹುಡುಗರು ಒಟ್ಟಿಗೆ ರೈಲು ಹತ್ತಿದರೆ, ಮೂವರು ನಾಲ್ಕು ವರ್ಷಕ್ಕೆ ವಾಪಸ್ ಬರುತ್ತಾರೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ. "ನಾನು ಆ ಒಬ್ಬ ಆಗ್ತೀನಿ" ಅನ್ನುವ ಹಟ ಇರಲಿ, ಆದರೆ ಲೆಕ್ಕವನ್ನು ಆ ಹಟದ ಮೇಲೆ ಕಟ್ಟಬೇಡಿ.

ಎರಡನೆಯದು ಅಂಕಪಟ್ಟಿ. ಎಸ್‌ಎಸ್‌ಎಲ್‌ಸಿನಾ, ಪಿಯುಸಿನಾ, ಯಾವ ವಿಷಯ, ಎಷ್ಟು ಪರ್ಸೆಂಟ್. ಮೂರನೆಯದು ಮೈ: ಎತ್ತರ, ಓಟ, ಕಣ್ಣು. ನಾಲ್ಕನೆಯದು ಮನೆ. ತಿಂಗಳಿಗೆ ಎಷ್ಟು ಕಳಿಸಬೇಕು, ಎಷ್ಟು ದಿನ ಕಾಯಬಹುದು. ಭಾಷೆಯೂ ಒಂದು ವಿಷಯವೇ, ಅದನ್ನು ಆಮೇಲೆ ಹೇಳುತ್ತೇನೆ.

ತೋಳಿನ ಪಟ್ಟಿಯ ಮಾತು

ಹುಡುಗರು ರ್‍ಯಾಂಕ್ ಬಗ್ಗೆ ಜಾಸ್ತಿ ಕನಸು ಕಟ್ಟಿರುತ್ತಾರೆ, ಅದನ್ನು ಬಿಡಿಸಿ ಹೇಳಬೇಕು. ಸೇನೆಯಲ್ಲಿ ಸಿಪಾಯಿ, ಆಮೇಲೆ ಒಂದು ಪಟ್ಟಿಯ ಲ್ಯಾನ್ಸ್ ನಾಯಕ್, ಎರಡು ಪಟ್ಟಿಯ ನಾಯಕ್, ಮೂರು ಪಟ್ಟಿಯ ಹವಾಲ್ದಾರ್. ಅದರ ಮೇಲೆ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸಿಪಾಯಿಗೆ ಒಂದೊಂದು ಕಡೆ ಒಂದೊಂದು ಹೆಸರು. ನಮ್ಮಲ್ಲಿ ಸಿಗ್ನಲ್‌ಮನ್, ತೋಪಿನವರಲ್ಲಿ ಗನ್ನರ್, ಎಂಇಜಿಯಲ್ಲಿ (ಸೇನೆಯ ಎಂಜಿನಿಯರ್ ದಳ) ಸ್ಯಾಪರ್, ಟ್ಯಾಂಕಿನವರಲ್ಲಿ ಸವಾರ್. ಟ್ಯಾಂಕಿನವರು ಹವಾಲ್ದಾರನಿಗೆ ದಫೇದಾರ್ ಅನ್ನುತ್ತಾರೆ. ನಮ್ಮ ಊರ ಕಡೆ ಪೊಲೀಸ್ ಠಾಣೆಯಲ್ಲೂ ಹಿಂದೆ ಇದೇ ಹೆಸರು ಓಡಾಡುತ್ತಿತ್ತು.

ನೌಕಾಪಡೆಯಲ್ಲಿ ನಾಯಕ್‌ಗೆ ಸಮ ಲೀಡಿಂಗ್ ಸೀಮನ್, ಹವಾಲ್ದಾರ್‌ಗೆ ಸಮ ಪೆಟಿ ಆಫೀಸರ್. ವಾಯುಪಡೆಯಲ್ಲಿ ಅದೇ ಕಾರ್ಪೊರಲ್ ಮತ್ತು ಸಾರ್ಜೆಂಟ್. ಬಿಎಸ್‌ಎಫ್ ಮುಂತಾದ ಕಡೆ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ, ಎಸ್‌ಐ.

ಮೇಲೆ ಹೋಗುವುದು ಎಷ್ಟು ನಿಧಾನ ಅಂತ ತಿಳಿಯಬೇಕಾ? ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಬದುಕಿ ಬಂದು, 2016ರ ಫೆಬ್ರವರಿ 11ರಂದು ನಮ್ಮನ್ನು ಬಿಟ್ಟು ಹೋದರು. ಲ್ಯಾನ್ಸ್ ನಾಯಕ್ ಅನ್ನುವ ಪದ ನಮ್ಮ ನಾಡಿನ ಮನೆಮನೆಗೆ ಗೊತ್ತಾದದ್ದು ಅವರ ಹೆಸರಿನ ಜೊತೆ. ಅವರು ಮದ್ರಾಸ್ ರೆಜಿಮೆಂಟ್ ಸೇರಿದ್ದು 2002ರಲ್ಲಿ. 13 ವರ್ಷದ ಸೇವೆ, ತೋಳಿನಲ್ಲಿ ಒಂದು ಪಟ್ಟಿ. ಅವರಂಥ ಗಟ್ಟಿ ಸೈನಿಕನಿಗೇ ಹಾಗೆ. ಮೇಲೆ ಜಾಗ ಖಾಲಿಯಾದಂತೆ ಪಟ್ಟಿ ಬರುತ್ತದೆ, ಅಷ್ಟೇ. ಅದಕ್ಕೇ ಕಾಯಂ ಸೈನಿಕರಿಗೆ ಬಡ್ತಿ ಸಿಗದಿದ್ದರೂ 8, 16, 24 ವರ್ಷಕ್ಕೆ ಸಂಬಳದ ಹಂತ ಏರಿಸುತ್ತಾರೆ. ಕೇಂದ್ರ ಪೊಲೀಸ್ ಪಡೆಗಳಲ್ಲಿ ಅದು 10, 20, 30 ವರ್ಷಕ್ಕೆ.

ಅಗ್ನಿವೀರ ಅನ್ನುವುದೇ ಒಂದು ಪ್ರತ್ಯೇಕ ದರ್ಜೆ. ನಾಲ್ಕು ವರ್ಷವೂ ಅದರಲ್ಲೇ. ಏಣಿ ಶುರುವಾಗುವುದು ಕಾಯಂ ಆದ ಮೇಲೆ. ಹಾಗಾಗಿ ಅಗ್ನಿವೀರನಾಗುವವನು ರ್‍ಯಾಂಕ್ ಹೋಲಿಸುತ್ತಾ ಕೂರಬೇಕಾಗಿಲ್ಲ. ನಾಲ್ಕು ವರ್ಷದಲ್ಲಿ ಯಾವ ಕೆಲಸ ಕಲಿತು ಬರುತ್ತೇನೆ ಅನ್ನುವುದನ್ನು ಹೋಲಿಸಬೇಕು.

ಹಣ

ಮೂರೂ ಪಡೆಗಳ ಅಗ್ನಿವೀರರಿಗೆ ಸಂಬಳ ಒಂದೇ. ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 33,000, 36,500, ಕೊನೆಗೆ 40,000. ಇದರಲ್ಲಿ 30% ಸೇವಾ ನಿಧಿಗೆ ಹೋಗುತ್ತದೆ. ಮೊದಲ ವರ್ಷ ಕೈಗೆ ಬರುವುದು 21,000, ನಾಲ್ಕನೇ ವರ್ಷ 28,000. ನಿಮ್ಮಿಂದ ಹಿಡಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ಬಡ್ಡಿ ಸೇರಿ ಕೊನೆಗೆ ಸುಮಾರು 11.71 ಲಕ್ಷ, ತೆರಿಗೆ ಇಲ್ಲದೆ. 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಕೈಯಿಂದ ಕಟ್ಟುವುದೇನೂ ಇಲ್ಲ.

ಎರಡು ಮಾತು ಇಲ್ಲಿ ಗಮನಿಸಿ. ಮಧ್ಯದಲ್ಲಿ ತಾವಾಗಿಯೇ ಬಿಟ್ಟು ಬಂದರೆ ಸರ್ಕಾರದ ಪಾಲು ಸಿಗುವುದಿಲ್ಲ, ತಮ್ಮ ಪಾಲು ಮತ್ತು ಬಡ್ಡಿ ಮಾತ್ರ. ಕಾಯಂ ಆದವರಿಗೂ ಅಷ್ಟೇ. ಇನ್ನೊಂದು, ಈ ಹಣ ಬರುವಾಗ ಹುಡುಗನ ವಯಸ್ಸು 22, 23. ತಂಗಿಯ ಮದುವೆ, ಮನೆಯ ಸ್ಲ್ಯಾಬು, ಟ್ರ್ಯಾಕ್ಟರ್ ಸಾಲ ಎಲ್ಲವೂ ಅದರ ಕಡೆಗೇ ನೋಡುತ್ತಿರುತ್ತವೆ. ಸೇರುವ ಮೊದಲೇ ಅಪ್ಪ ಅಮ್ಮನ ಜೊತೆ ಕೂತು, ಇದರಲ್ಲಿ ಅರ್ಧ ನನ್ನ ಮುಂದಿನ ಓದಿಗೆ ಅಥವಾ ಕೆಲಸಕ್ಕೆ ಅಂತ ಮಾತಾಡಿಕೊಳ್ಳಿ.

ಕಾನ್‌ಸ್ಟೆಬಲ್ ಜಿಡಿಗೆ ಮೂಲ ವೇತನ 21,700. ಅದರ ಮೇಲೆ ಡಿಎ ಮತ್ತಿತರ ಭತ್ಯೆ ಸೇರುವುದರಿಂದ ಕೈಗೆ ಬರುವುದು ಅಗ್ನಿವೀರನಿಗಿಂತ ಜಾಸ್ತಿಯೇ. ನಿವೃತ್ತಿ 60ಕ್ಕೆ. ಹಳೇ ಪಿಂಚಣಿ ಇಲ್ಲ. ಸಂಬಳದಿಂದ ಹಣ ಹಿಡಿಯುವ ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್ ಇದೆ, 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ) ಅನ್ನುವ ಆಯ್ಕೆಯೂ ಇದೆ. ಹಣವೊಂದನ್ನೇ ನೋಡಿದರೆ ಕಾನ್‌ಸ್ಟೆಬಲ್ ಕೆಲಸ ಸ್ಪಷ್ಟವಾಗಿ ಮುಂದಿದೆ.

ಆರ್ಮಿ

ಜನರಲ್ ಡ್ಯೂಟಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 45%, ಪ್ರತಿ ವಿಷಯಕ್ಕೆ 33 ಇದ್ದರೆ ಸಾಕು. ಟೆಕ್ನಿಕಲ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್ ಬೇಕು, ಇಲ್ಲಾ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ. ಟ್ರೇಡ್ಸ್‌ಮನ್‌ಗೆ ಎಂಟನೇ ಕ್ಲಾಸಿನವರಿಗೂ ಅವಕಾಶ ಇದೆ. ಆದರೆ ಅಲ್ಲಿ ಸಿಗುವುದು ಅಡುಗೆ, ಬಟ್ಟೆ ಒಗೆಯುವುದು, ಕ್ಷೌರ, ಮೆಸ್‌ನಂಥ ಕೆಲಸ ಅಂತ ತಿಳಿದೇ ಹೋಗಬೇಕು. ಗೌರವದ ಕೆಲಸವೇ. ಗೊತ್ತಿಲ್ಲದೆ ಹೋಗಿ ಫೋನಿನಲ್ಲಿ ಅತ್ತ ಹುಡುಗರನ್ನು ಕಂಡಿದ್ದೇನೆ, ಅದಕ್ಕೆ ಹೇಳಿದೆ.

2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಭರ್ತಿ ರ್‍ಯಾಲಿ. ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ನಮ್ಮ ಹಳ್ಳಿ ಹುಡುಗರಿಗೆ ಇದು ದೊಡ್ಡ ಅನುಕೂಲ. ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಅದರ ನಂತರ ಇಳಿಯುತ್ತಾ ಹೋಗುತ್ತದೆ. ಹತ್ತು ಪುಲ್‌ಅಪ್‌ಗೆ 40 ಅಂಕ. ಒಂಬತ್ತು ಅಡಿ ಹಳ್ಳ ಹಾರಬೇಕು, ಅಂಕುಡೊಂಕು ಕಟ್ಟೆಯ ಮೇಲೆ ಬೀಳದೆ ನಡೆಯಬೇಕು. ಪುಲ್‌ಅಪ್‌ನಲ್ಲಿ ಅಂಕ ಕಳೆದುಕೊಳ್ಳುವವರೇ ಜಾಸ್ತಿ. ಎಲ್ಲರೂ ಓಡುತ್ತಾರೆ, ಯಾರೂ ಕಂಬಿ ಹಿಡಿಯುವುದಿಲ್ಲ.

ತರಬೇತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಕೋಚಿಂಗ್ ಸೆಂಟರಿನಲ್ಲೂ ಹೇಳುವುದಿಲ್ಲ. ನಾನು ರಂಗರೂಟ್ (ಹೊಸದಾಗಿ ಸೇರಿದವನು) ಆಗಿ ಜಬಲ್‌ಪುರಕ್ಕೆ ಹೋದ ಮೊದಲ ದಿನ ತಲೆಗೂದಲು ಹೋಯಿತು, ಎರಡನೇ ದಿನ ಒಂದು ಕಪ್ಪು ಟ್ರಂಕ್ ಬಂತು. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ನಂಬರು, ಹೆಸರು ನಾನೇ ಬರೆಯಬೇಕಾಗಿತ್ತು. ಕೈ ನಡುಗಿ ಎರಡು ಸಲ ಒರೆಸಿ ಬರೆದೆ. ಆ ಟ್ರಂಕು ಈಗಲೂ ಮನೆಯಲ್ಲಿದೆ, ಹೆಂಡತಿ ಅದರಲ್ಲಿ ಕೌದಿ ಇಡುತ್ತಾಳೆ. ಕಲಿಸುವವರಿಗೆ ಅಲ್ಲಿ ಉಸ್ತಾದ್ ಅನ್ನಬೇಕು. ನಾಲ್ಕು ಗಂಟೆಗೆ ಏಳುವುದು, ಐದು ನಿಮಿಷದಲ್ಲಿ ಹಾಸಿಗೆ ಮಡಚಿ ಫಾಲ್ ಇನ್. ಪಿಟಿ, ಡ್ರಿಲ್, ಹಥಿಯಾರ್ ಕ್ಲಾಸು. ಸಂಜೆ ಗೇಮ್ಸ್, ರಾತ್ರಿ ಬೂಟ್ ಪಾಲಿಶ್. ತಪ್ಪು ಮಾಡಿದರೆ ರಗಡಾ. ಫ್ರಂಟ್ ರೋಲ್ ಹೊಡೆದು ಹೊಡೆದು ಆಕಾಶ ಯಾವುದು, ನೆಲ ಯಾವುದು ತಿಳಿಯದು.

ಅಲ್ಲಿ ಹುಡುಗರು ಸೋಲುವುದು ಮುಖ್ಯವಾಗಿ ಎರಡು ಕಡೆ. ಒಂದು, ಮೊಣಕಾಲ ಕೆಳಗಿನ ಎಲುಬು. ಊರಲ್ಲಿ ಮಣ್ಣಿನಲ್ಲಿ ಓಡಿದ ಕಾಲು ಅಲ್ಲಿ ಬೂಟು ಹಾಕಿ ಸಿಮೆಂಟಿನ ಮೇಲೆ ಕುಟ್ಟುತ್ತದೆ. ನೋವು ಮುಚ್ಚಿಟ್ಟುಕೊಂಡರೆ ಎಲುಬು ಬಿರಿಯುತ್ತದೆ, ನಿಮ್ಮ ನಂತರ ಬಂದ ಬ್ಯಾಚಿಗೆ ಇಳಿಸುತ್ತಾರೆ, ಅದಕ್ಕೆ ರೆಲಿಗೇಟ್ ಅನ್ನುತ್ತಾರೆ. ನೋವು ಬಂದ ದಿನವೇ ಎಂಐ ರೂಮಿಗೆ (ಸೆಂಟರಿನ ಡಾಕ್ಟರ ಕೋಣೆ) ಹೋಗಿ ಹೇಳಬೇಕು. ಎರಡನೆಯದು ಹಿಂದಿ. ಉಸ್ತಾದ್ ಹೇಳಿದ್ದು ಅರ್ಥವಾಗದೆ ಪಕ್ಕದವನನ್ನು ನೋಡಿ ಮಾಡುವ ಹುಡುಗ ಯಾವಾಗಲೂ ಅರ್ಧ ಸೆಕೆಂಡು ಹಿಂದೆ ಇರುತ್ತಾನೆ, ಶಿಕ್ಷೆ ಅವನಿಗೇ. ಹೋಗುವ ಮೊದಲು ಮೂರು ತಿಂಗಳು ದಿನಾ ಅರ್ಧ ಗಂಟೆ ಹಿಂದಿ ಮಾತಾಡಲು ಕಲಿಯಿರಿ. ಸಾಮಾನ್ಯ ಹಿಂದಿ ಸಾಕು.

ಅಗ್ನಿವೀರರಿಗೆ ಈಗ 31 ವಾರಗಳ ತರಬೇತಿ. ಮೊದಲು 10 ವಾರ ಬುನಾದಿ, ಆಮೇಲೆ 21 ವಾರ ಮುಂದಿನದು. ಅದು ಮುಗಿದು ಕಸಮ್ ಪರೇಡ್, ಅಂದರೆ ಪ್ರತಿಜ್ಞೆಯ ಪರೇಡ್. ನಮ್ಮ ರಾಜ್ಯದಲ್ಲೇ ಎಷ್ಟೊಂದು ಸೆಂಟರುಗಳಿವೆ ಅಂತ ತುಂಬ ಜನರಿಗೆ ಗೊತ್ತಿಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ. ಬೆಂಗಳೂರಿನಲ್ಲಿ ಎಂಇಜಿ, ಎಎಸ್‌ಸಿ (ಸೇನೆಯ ಸರಬರಾಜು ದಳ), ಪ್ಯಾರಾಶೂಟ್ ರೆಜಿಮೆಂಟ್, ಪಯೋನಿಯರ್, ಮಿಲಿಟರಿ ಪೊಲೀಸ್. ಮದ್ರಾಸ್ ರೆಜಿಮೆಂಟಿನ ಸೆಂಟರ್ ನೀಲಗಿರಿಯ ವೆಲಿಂಗ್ಟನ್‌ನಲ್ಲಿ. ಆದರೆ ಯಾವ ರೆಜಿಮೆಂಟ್ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಾಸಿಕ್‌ನ ತೋಪಿನ ಸೆಂಟರಿಗೂ ಹಾಕಬಹುದು.

ನನ್ನ ಅಭಿಪ್ರಾಯ ಹೇಳುತ್ತೇನೆ. ಸೈನ್ಯವೇ ಬೇಕು, ಬೇರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ ಅನ್ನುವ ಹುಡುಗ ಆರ್ಮಿಗೇ ಹೋಗಲಿ. ಪಿಯುಸಿ ಸೈನ್ಸ್ ಅಥವಾ ಐಟಿಐ ಇದ್ದರೆ ಮಾತ್ರ ಸುಮ್ನೆ ಜಿಡಿಗೆ ಹಾಕಬೇಡಿ, ಟೆಕ್ನಿಕಲ್‌ಗೆ ಹಾಕಿ. ಕೈಯಲ್ಲಿ ಕಸುಬು ಇಟ್ಟುಕೊಂಡು ವಾಪಸ್ ಬರುವುದಕ್ಕೂ ಬರಿಗೈಲಿ ಬರುವುದಕ್ಕೂ ವ್ಯತ್ಯಾಸ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದವರು ಸೇವೆಯಲ್ಲಿದ್ದೇ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹನ್ನೆರಡನೇ ತರಗತಿ ಮುಗಿಸುವ ವ್ಯವಸ್ಥೆ ಇದೆ. ಅದನ್ನು ಬಿಡಬೇಡಿ.

ನೇವಿ ಮತ್ತು ಏರ್‌ಫೋರ್ಸ್

ನೇವಿಯಲ್ಲಿ ಎರಡು ಬಾಗಿಲು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ 50% ತೆಗೆದವರಿಗೆ ಎಸ್‌ಎಸ್‌ಆರ್ (ಪಿಯುಸಿ ಮಟ್ಟದ ನಾವಿಕರ ಭರ್ತಿ). ಎಸ್‌ಎಸ್‌ಎಲ್‌ಸಿಯವರಿಗೆ ಎಂಆರ್, ಅಂದರೆ ಹಡಗಿನ ಅಡುಗೆ, ಬಡಿಸುವುದು, ಸ್ವಚ್ಛತೆಯ ಕೆಲಸ. ಎತ್ತರ 157 ಸಾಕು, 1.6 ಕಿಲೋಮೀಟರ್‌ಗೆ ಗಂಡುಮಕ್ಕಳಿಗೆ ಆರೂವರೆ ನಿಮಿಷ. ತರಬೇತಿ ಒಡಿಶಾದ ಚಿಲಿಕಾ ಸರೋವರದ ದಂಡೆಯ ಐಎನ್‌ಎಸ್ ಚಿಲ್ಕಾದಲ್ಲಿ. ಅಗ್ನಿವೀರರ ಮೊದಲ ಬ್ಯಾಚ್ 16 ವಾರ ಅಲ್ಲಿ ಕಲಿತು 2023ರ ಮಾರ್ಚ್ 28ರಂದು ಹೊರಬಂತು. ಸೂರ್ಯ ಮುಳುಗಿದ ಮೇಲೆ ನಡೆದ ಆ ಪರೇಡಿನಲ್ಲಿ ಹೆಣ್ಣುಮಕ್ಕಳೂ ಹೆಜ್ಜೆ ಹಾಕಿದರು. ಆಮೇಲೆ ಹಡಗು. ಅಲ್ಲಿ ಜಾಗ ಚಿಕ್ಕದು, ಮಲಗುವ ಬಂಕ್ ಚಿಕ್ಕದು, ನಡುಸಮುದ್ರದಲ್ಲಿ ಮನೆಗೆ ಫೋನ್ ಹತ್ತುವುದಿಲ್ಲ. ಕಾರವಾರದ ಕದಂಬ ನೆಲೆಗೆ ಪೋಸ್ಟಿಂಗ್ ಸಿಕ್ಕರೆ ಅದೃಷ್ಟ, ಅದನ್ನೇ ನಂಬಿ ಹೋಗಬೇಡಿ.

ವಾಯುಪಡೆಗೆ ಎತ್ತರದ ಚಿಂತೆ ಇನ್ನೂ ಕಡಿಮೆ, ಓಟಕ್ಕೆ ಏಳು ನಿಮಿಷ. ಇಲ್ಲಿ ಗೋಡೆ ಇರುವುದು ಇಂಗ್ಲಿಷಿನಲ್ಲಿ. ಪಿಯುಸಿಯಲ್ಲಿ ಒಟ್ಟು 50%, ಇಂಗ್ಲಿಷಿನಲ್ಲೇ ಬೇರೆಯಾಗಿ 50% ಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಕಾಮರ್ಸ್, ಆರ್ಟ್ಸ್ ಹುಡುಗರೂ ಬರೆಯಬಹುದು, ಇದು ತುಂಬ ಜನರಿಗೆ ಗೊತ್ತಿಲ್ಲ. ವಿಮಾನ ಹಾರಿಸುವವರು ಅಧಿಕಾರಿಗಳು. ಅಗ್ನಿವೀರ್‌ವಾಯು, ಅಂದರೆ ವಾಯುಪಡೆಯ ಅಗ್ನಿವೀರ, ಆದವನ ಕೆಲಸ ನೆಲದ ಮೇಲಿನದು. ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ. ಮೊದಲ ಬ್ಯಾಚ್ 2022ರ ಡಿಸೆಂಬರ್ ಕೊನೆಗೆ ಬಂದು 2023ರ ಮೇ ಕೊನೆಗೆ ಪರೇಡ್ ಮುಗಿಸಿತು. ಓದಿನಲ್ಲಿ ಚುರುಕಾಗಿದ್ದು ಮೈ ಸಣ್ಣದಿರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯದು ಕಾಣಿಸುತ್ತಿಲ್ಲ.

ಕಾನ್‌ಸ್ಟೆಬಲ್ ಜಿಡಿ

ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು, ವಯಸ್ಸು 18ರಿಂದ 23, ಮೀಸಲಾತಿಯವರಿಗೆ ಸಡಿಲಿಕೆ ಇದೆ. 2024ರಿಂದ ಪರೀಕ್ಷೆ ಕನ್ನಡದಲ್ಲೂ ಇದೆ. ಓಟ ಮಾತ್ರ ಬೇರೆ ಥರ: ಗಂಡುಮಕ್ಕಳಿಗೆ 24 ನಿಮಿಷದಲ್ಲಿ 5 ಕಿಲೋಮೀಟರ್. 1.6ಕ್ಕೆ ತಯಾರಾದ ಹುಡುಗ ಇಲ್ಲಿ ಮೂರನೇ ಕಿಲೋಮೀಟರಿಗೆ ಕುಸಿಯುತ್ತಾನೆ.

ಫಾರ್ಮಿನಲ್ಲಿ ಯಾವ ಪಡೆ ಮೊದಲು, ಯಾವುದು ಆಮೇಲೆ ಅಂತ ಕೇಳುತ್ತಾರೆ. ಅದನ್ನು ಸೈಬರ್ ಸೆಂಟರಿನವರಿಗೆ ಬಿಡಬೇಡಿ, ಜೀವನಪೂರ್ತಿಯ ವಿಷಯ. ಸಿಐಎಸ್‌ಎಫ್ ಅಂದರೆ ವಿಮಾನ ನಿಲ್ದಾಣ, ಕೈಗಾದಂಥ ಅಣು ವಿದ್ಯುತ್ ಕೇಂದ್ರ, ದೊಡ್ಡ ಕಾರ್ಖಾನೆ. ಬಿಎಸ್‌ಎಫ್ ಅಂದರೆ ಪಾಕಿಸ್ತಾನ, ಬಾಂಗ್ಲಾ ಗಡಿ. ಐಟಿಬಿಪಿ ಅಂದರೆ ಚಳಿ, ಎತ್ತರ. ಸಿಆರ್‌ಪಿಎಫ್ ಅಂದರೆ ಗಂಟುಮೂಟೆ ಯಾವಾಗಲೂ ಕಟ್ಟಿಯೇ ಇರಬೇಕು, ಇವತ್ತು ಚುನಾವಣೆ, ನಾಳೆ ಕಾಶ್ಮೀರ. 60 ವರ್ಷದ ತನಕ ಕೆಲಸ ಗಟ್ಟಿ. ಅದರಲ್ಲಿ ಹೆಂಡತಿ ಮಕ್ಕಳಿಂದ ದೂರ ಕಳೆಯುವ ವರ್ಷಗಳೂ ಗಟ್ಟಿ. ಅರ್ಜಿ ಹಾಕಿದ ದಿನದಿಂದ ತರಬೇತಿಗೆ ಕರೆ ಬರಲು ವರ್ಷಕ್ಕಿಂತ ಜಾಸ್ತಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಅಷ್ಟು ಕಾಯಲು ಮನೆಯಲ್ಲಿ ಆಗುತ್ತದಾ ನೋಡಿ.

ಅಗ್ನಿವೀರರಾಗಿ ಬಂದವರಿಗೆ ಈ ಪಡೆಗಳಲ್ಲಿ 10% ಮೀಸಲಾತಿ, ವಯಸ್ಸಿನಲ್ಲಿ ರಿಯಾಯಿತಿ ಅಂತ 2022ರಲ್ಲೇ ಘೋಷಿಸಿದ್ದಾರೆ. ಇಂಥ ಪ್ರಮಾಣಗಳೂ, ಅಗ್ನಿವೀರರ ವಯಸ್ಸಿನ ಮಿತಿಯೂ ಬದಲಾಗುತ್ತಿರುತ್ತವೆ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ.

ಯಾರೂ ಹೇಳದ ಬಾಗಿಲು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದೀರಾ? ಹಾಗಾದರೆ ನಿಂತು ಓದಿ. ಸೇನೆಯ ನರ್ಸಿಂಗ್ ಅಸಿಸ್ಟೆಂಟ್, ವಾಯುಪಡೆಯ ಮೆಡಿಕಲ್ ಅಸಿಸ್ಟೆಂಟ್, ನೌಕಾಪಡೆಯ ಎಸ್‌ಎಸ್‌ಆರ್ ಮೆಡಿಕಲ್, ಇವು ಅಗ್ನಿಪಥದ ಹೊರಗಿವೆ. ಕಾಯಂ ನೇಮಕ, ಪಟ್ಟಿಯ ಏಣಿ ಮೊದಲ ದಿನದಿಂದಲೇ. ಭರ್ತಿ ಅಪರೂಪಕ್ಕೆ ಬರುತ್ತದೆ, ಸೀಟು ಕಡಿಮೆ. ನೀಟ್ ಬರೆದು ಸೀಟು ಸಿಗದೆ ಮನೆಯಲ್ಲಿ ಕೂತ ಹುಡುಗರು ನಮ್ಮಲ್ಲಿ ಎಷ್ಟಿಲ್ಲ ಹೇಳಿ. ಅವರಿಗೆ ಈ ಸುದ್ದಿ ಮುಟ್ಟಿಸಿ.

ಹೆಣ್ಣುಮಕ್ಕಳಿಗೆ ನೇವಿ, ಏರ್‌ಫೋರ್ಸ್, ಕಾನ್‌ಸ್ಟೆಬಲ್ ಮೂರೂ ತೆರೆದಿವೆ. ಅಗ್ನಿವೀರರಾಗಿ ಆರ್ಮಿಗೆ ಹೋಗುವುದಾದರೆ ಮಿಲಿಟರಿ ಪೊಲೀಸ್ ಮಾತ್ರ, ತರಬೇತಿ ಬೆಂಗಳೂರಿನಲ್ಲಿ. 2021ರ ಮೇ ತಿಂಗಳಲ್ಲಿ 83 ಹೆಣ್ಣುಮಕ್ಕಳ ಮೊದಲ ತಂಡ ಅಲ್ಲಿಂದಲೇ ಹೊರಬಂತು. ಕಾನ್‌ಸ್ಟೆಬಲ್‌ಗೆ 157 ಸೆಂಟಿಮೀಟರ್, 1.6 ಕಿಲೋಮೀಟರ್ ಎಂಟೂವರೆ ನಿಮಿಷದಲ್ಲಿ. ಮಗಳನ್ನು ಮೈದಾನಕ್ಕೆ ಕಳಿಸಲು ಹಿಂದೆ ಮುಂದೆ ನೋಡುವ ಅಪ್ಪಂದಿರೇ, ನನ್ನ ಗುಂಪಿನಲ್ಲಿ ಈಗ ಆರು ಹುಡುಗಿಯರಿದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಪಕ್ಕದ ಊರಿನ ಒಂದು ಮನೆಯವರು, "ಮೆಡಿಕಲ್ ಪಾಸ್ ಮಾಡಿಸ್ತೀನಿ" ಅಂದವನಿಗೆ ಎಮ್ಮೆ ಮಾರಿ ದುಡ್ಡು ಕೊಟ್ಟರು. ದುಡ್ಡೂ ಹೋಯಿತು, ಹುಡುಗನ ಒಂದು ವರ್ಷವೂ ಹೋಯಿತು. ಅರ್ಜಿಯ ಶುಲ್ಕ ಬಿಟ್ಟರೆ ಭರ್ತಿಗೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಹಾಗಾದರೆ ನಿಮಗೆ ಯಾವುದು? ಮನೆ ನಿಮ್ಮ ಮೇಲೇ ನಿಂತಿದೆ, ಎತ್ತರ 170 ಇದೆ, ಒಂದು ವರ್ಷ ಕಾಯಬಹುದು ಅಂದರೆ ಕಾನ್‌ಸ್ಟೆಬಲ್ ಜಿಡಿಯನ್ನೇ ಮೊದಲು ಇಡಿ. ವಯಸ್ಸು 18, ಇಂಗ್ಲಿಷ್ ಚೆನ್ನಾಗಿದೆ ಅಂದರೆ ಏರ್‌ಫೋರ್ಸ್. ಗಣಿತ, ಭೌತಶಾಸ್ತ್ರ ಇದೆ, ಸಮುದ್ರದ ಭಯ ಇಲ್ಲ ಅಂದರೆ ನೇವಿ ಎಸ್‌ಎಸ್‌ಆರ್. ಎಸ್‌ಎಸ್‌ಎಲ್‌ಸಿ ಮಾತ್ರ ಇದೆ, ಎತ್ತರ 166ರಿಂದ 170ರ ನಡುವೆ, ಕಾಲಲ್ಲಿ ಓಟ ಇದೆ ಅಂದರೆ ಆರ್ಮಿ ಜಿಡಿ, ಜೊತೆಗೆ ಐದನೇ ವರ್ಷದ ಲೆಕ್ಕ ಈಗಲೇ ಬರೆದಿಡಿ. ಇದೂ ಅದೂ ಎರಡಕ್ಕೂ ಅರ್ಜಿ ಹಾಕಬಾರದು ಅಂತೇನಿಲ್ಲ. ದಿನಾಂಕ ಮಾತ್ರ ನೋಡಿಕೊಳ್ಳಿ.

ಅಕ್ಕನ ಮಗ ಈಗ ಆರ್ಮಿಗೆ ತಯಾರಾಗುತ್ತಿದ್ದಾನೆ. ಬಯಾಲಜಿ ಓದಿದ್ದರಿಂದ ನರ್ಸಿಂಗ್ ಅಸಿಸ್ಟೆಂಟ್ ಭರ್ತಿಯ ಮೇಲೂ ಕಣ್ಣಿಟ್ಟಿದ್ದಾನೆ. ಓಟ 5 ನಿಮಿಷ 50 ಸೆಕೆಂಡಿಗೆ ಬಂದಿದೆ, ಇನ್ನು 20 ಸೆಕೆಂಡ್ ಇಳಿಯಬೇಕು. ಪುಲ್‌ಅಪ್ ಏಳು ಆಗುತ್ತಿದೆ. ನಿನ್ನೆ ಹಿತ್ತಲ ಬೇವಿನ ಮರಕ್ಕೆ ಕಬ್ಬಿಣದ ಪೈಪು ಕಟ್ಟಿಕೊಟ್ಟೆ.